ಎದುರಿಗೇ ಹೇಳಿಸುತ್ತಿದ್ದ ಮೇಸ್ತ್ರಮ್ಮ

ಮೇಸ್ತ್ರಮ್ಮನ ಎರಡೂ ಅಂಗೈ ಕಪ್ಪಗಿದ್ದವು. ಹೊಗೆಸೊಪ್ಪಿನ ಅಂಟು ಇಪ್ಪತ್ತು ವರ್ಷ ಚರ್ಮದೊಳಕ್ಕೆ ಇಳಿದು, ಕೈರೇಖೆಗಳೆಲ್ಲ ಮಸಿಯಲ್ಲಿ ಬರೆದಂತೆ ಎದ್ದು ಕಾಣುತ್ತಿದ್ದವು. ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸೆರಗಿನ ಗಂಟಿನಿಂದ ಚೂರು ಹುಣಸೆಹಣ್ಣು ತೆಗೆದು ಬೆರಳು ಬೆರಳಿಗೂ ತಿಕ್ಕುತ್ತಿದ್ದರು. ಅಂಟು ಬಿಡುತ್ತಿತ್ತು, ಕಪ್ಪು ಬಿಡುತ್ತಿರಲಿಲ್ಲ. ಆ ಕೈಯಲ್ಲಿ ರೊಟ್ಟಿ ಮುರಿದು "ತಗಳಿ ಸಾ, ಅಕ್ಕಿ ರೊಟ್ಟಿ, ಉಚ್ಚೆಳ್ ಚಟ್ನಿ" ಎಂದು ನನ್ನತ್ತ ಚಾಚುತ್ತಿದ್ದರು. ನಾನು ಆ ಬೆರಳುಗಳನ್ನು ನೋಡಿ, ಊಟ ಆಯಿತು ಎಂದು ಸುಳ್ಳು ಹೇಳಿ ಆಫೀಸಿನ ಕಡೆ ನಡೆದುಬಿಡುತ್ತಿದ್ದೆ. ಇಪ್ಪತ್ಮೂರು ವರ್ಷದ ಬಿ.ಕಾಂ. ಪದವೀಧರ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆ ಹುಡುಗ ಈಗೇನಾದರೂ ಎದುರಿಗೆ ಸಿಕ್ಕರೆ ಕೆನ್ನೆಗೆ ಎರಡು ಬಾರಿಸುತ್ತೇನೆ.

ಅದು ತೊಂಬತ್ತರ ದಶಕದ ಕೊನೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ಡಿಪೋ ಇತ್ತು. ಬಿಸಿ ಗೂಡಿನಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪು ಅಲ್ಲಿಗೆ ಬರುತ್ತಿತ್ತು. ಬಣ್ಣ ನೋಡಿ ಎಲೆ ಬೇರೆ ಮಾಡಿ, ಗೋಣಿಯಲ್ಲಿ ಬಿಗಿದು ಕಳಿಸುವುದು ಅಲ್ಲಿನ ಕೆಲಸ. ನಾನು ಬೆಟ್ಟದಪುರದಿಂದ ಬಂದು ಸೂಪರ್ವೈಸರ್ ಆಗಿ ಸೇರಿಕೊಂಡಿದ್ದೆ. ಎಲೆ ವಿಂಗಡಿಸುವ ಮೂವತ್ತು ಹೆಂಗಸರಿಗೆ ಇವರು ಮೇಸ್ತ್ರಿ. ಕಟ್ಟೆಮಳಲವಾಡಿಯ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಮೇಸ್ತ್ರಮ್ಮ ಎಂದೇ. ಅವರು ನಾಲ್ಕು ಜನರ ಮುಂದೆ ನನ್ನನ್ನು 'ಸಾ' ಎನ್ನುತ್ತಿದ್ದರು, ಒಬ್ಬನೇ ಸಿಕ್ಕಾಗ 'ಕಣಪ್ಪ' ಎನ್ನುತ್ತಿದ್ದರು. ನಿಂಬೆ ಬಣ್ಣ ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರುವಾಗುತ್ತದೆ ಎಂದು ಕಿಟಕಿಯ ಬೆಳಕಿಗೆ ಎಲೆ ಹಿಡಿದು ನನಗೆ ಕಲಿಸಿದವರು ಅವರೇ.

ಎಲೆ ಆರಿಸುವ ಅವರ ಮೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾವಳಾದರೂ ಇನ್ನೊಬ್ಬಳ ಮೇಲೆ ದೂರು ತಂದರೆ ಮೇಸ್ತ್ರಮ್ಮ ಅದನ್ನು ಕೇಳುತ್ತಲೇ ಇರಲಿಲ್ಲ. ಕೈ ಎತ್ತಿ ನಿಲ್ಲಿಸಿ, ದೂರು ಯಾರ ಮೇಲೋ ಅವಳನ್ನು ಕೂಗಿ ಕರೆಯುತ್ತಿದ್ದರು. "ಬಾರವ್ವ ಇಲ್ಲಿ, ನಿನ್ ಇಸ್ಯನಂತೆ. ಕೂತ್ಕೊ, ಕೇಳ್ಕೊ." ಆಮೇಲೆ ದೂರು ತಂದವಳ ಕಡೆ ತಿರುಗಿ, "ಊಂ, ಈಗ ಯೋಳು" ಎನ್ನುತ್ತಿದ್ದರು. ಅರ್ಧಕ್ಕರ್ಧ ದೂರುಗಳು ಅಲ್ಲೇ ಸಾಯುತ್ತಿದ್ದವು. "ಏನಿಲ್ಲ ಬುಡಕ್ಕ" ಎಂದು ತಂದವಳು ಎದ್ದು ಹೋಗುತ್ತಿದ್ದಳು. ಉಳಿದವು ಐದು ನಿಮಿಷದಲ್ಲಿ ಬಗೆಹರಿಯುತ್ತಿದ್ದವು. ಒಮ್ಮೆ ಒಬ್ಬಳು ತನ್ನ ಮುರುಕು ಎಲೆಯನ್ನೆಲ್ಲ ಪಕ್ಕದವಳ ರಾಶಿಗೆ ತಳ್ಳುತ್ತಿದ್ದಳು. ಎದುರು ಬದುರು ಕೂರಿಸಿ ಕೇಳಿದಾಗ ಅವಳ ಕಣ್ಣು ಮಂಜಾಗಿದ್ದು ಗೊತ್ತಾಯಿತು. ಅವತ್ತೇ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು.

ವಾರಕ್ಕೊಮ್ಮೆ ಎಲ್ಲರ ಜಾಗವನ್ನೂ ಬದಲಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ನಕ್ಕರು. "ಇಬ್ರು ಎಂಟ್ ದಿನ ಒಂದೇ ತಾವ ಕೂತ್ರೆ ಮೂರ್ನೇವ್ಳ ಸುದ್ದಿ ಸುರುವಾಯ್ತದೆ ಕಣಪ್ಪ."

ಇನ್ನು ನಮ್ಮ ಆಫೀಸಿನ ಸಂಸ್ಕಾರ ಹೇಳಬೇಕು. ಹೇಳುವುದಕ್ಕೇ ಅಸಹ್ಯ. ಮ್ಯಾನೇಜರು ದಿನಾ ನಾಲ್ಕು ಗಂಟೆಗೆ ನನ್ನನ್ನು ಟೀಗೆ ಕರೆಯುತ್ತಿದ್ದರು. ಸ್ಕೂಟರಿನ ಕೀಲಿಯಲ್ಲಿ ಕಿವಿ ಕೆರೆದುಕೊಳ್ಳುತ್ತ, ಕೆರೆದದ್ದನ್ನು ನೋಡಿಕೊಳ್ಳುತ್ತ, "ಏನಯ್ಯಾ ವಿಶೇಷ?" ಎನ್ನುತ್ತಿದ್ದರು. ಯಾರು ತಡವಾಗಿ ಬಂದರು, ಯಾರು ಯಾರ ಜೊತೆ ಮಾತಾಡಿದರು, ಮ್ಯಾನೇಜರ ಬಗ್ಗೆ ಯಾರು ಏನಂದರು ಎಲ್ಲವನ್ನೂ ನಾನು ಉಪ್ಪು ಖಾರ ಹಚ್ಚಿ ಒಪ್ಪಿಸುತ್ತಿದ್ದೆ. ಸುದ್ದಿ ರುಚಿಯಾಗಿದ್ದರೆ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದರು, ನಾಯಿಗೆ ಹಾಕಿದ ಹಾಗೆ. ನಾನು ತಿನ್ನುತ್ತಿದ್ದೆ. ಆ ವರ್ಷ ನನ್ನ ಕೆಲಸ ಕಾಯಂ ಆಗುವುದಿತ್ತು.

ಇದು ಮೇಸ್ತ್ರಮ್ಮನಿಗೆ ತಿಳಿಯದೇ ಇರಲಿಲ್ಲ. ಒಂದು ದಿನ ಎಲೆ ಆರಿಸುತ್ತಲೇ, ತಲೆ ಎತ್ತದೆ ಹೇಳಿದರು: "ನೀವು ಮೇಲೋಗೋರು ಕಣಪ್ಪ. ಸೊಪ್ಪು ನೋಡೋದ ಕಲ್ತ್ರಿ. ಮನ್ಸರ್ ಜೊತೆ ಇರೋದ್ನೂ ವಸಿ ಕಲೀರಿ. ಒಬ್ರ ಇಸ್ಯ ಅವ್ರ ಮುಂದೆ ಆಡಕ್ಕಾಗಲ್ಲ ಅಂದ್ರೆ ಅದ ಇನ್ನೆಲ್ಲೂ ಆಡ್ಬೇಡಿ." ಓದು ಬರಹ ಇಲ್ಲದವಳು ನನಗೆ ಬುದ್ಧಿ ಹೇಳುತ್ತಾಳಲ್ಲ ಎಂದು ಒಳಗೊಳಗೇ ಉರಿದುಕೊಂಡೆ.

ಆ ಮೂವತ್ತು ಜನರಲ್ಲಿ ಹೊಸದಾಗಿ ಹೆತ್ತವಳೊಬ್ಬಳಿದ್ದಳು. ಅಂಗಳದ ಹೊಂಗೆಮರಕ್ಕೆ ಹಳೆ ಸೀರೆಯ ಜೋಲಿ ಕಟ್ಟಿ, ನಾಲ್ಕು ತಿಂಗಳ ಮಗುವನ್ನು ಮಲಗಿಸಿ ಕೆಲಸಕ್ಕೆ ಕೂರುತ್ತಿದ್ದಳು. ದಿನಕ್ಕೆ ಎರಡು ಸಲ ಎದ್ದು ಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಒಂದು ಸಂಜೆ ಮ್ಯಾನೇಜರಿಗೆ ಹೇಳಲು ನನ್ನ ಹತ್ತಿರ ಬೇರೇನೂ ಸುದ್ದಿ ಇರಲಿಲ್ಲ. ಅದನ್ನೇ ಹೇಳಿದೆ. ಎರಡನ್ನು ನಾಲ್ಕು ಮಾಡಿ ಹೇಳಿದೆ. ಬಿಸ್ಕತ್ತು ಬಂತು. ಮರುದಿನ ಬೆಳಿಗ್ಗೆ ಆಕೆಗೆ ನಾಳೆಯಿಂದ ಬರಬೇಡ ಎಂಬ ಆಜ್ಞೆಯೂ ಬಂತು.

ಮೇಸ್ತ್ರಮ್ಮ ತಮ್ಮ ಮೇಜಿನ ಪದ್ಧತಿಯನ್ನು ಮ್ಯಾನೇಜರ ಕೋಣೆಗೂ ಒಯ್ದರು. ಆಕೆಯ ಕೈ ಹಿಡಿದು ಕರೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಾನು ಅಲ್ಲೇ ನಿಂತಿದ್ದೆ.

"ಸಾ, ಇವ್ಳು ನಾಕ್ ಸಲ ಎದ್ದೋಯ್ತಳೆ ಅಂತ ಯಾರೋ ಯೋಳವ್ರಂತೆ. ಯೋಳ್ದೋರು ಇವ್ಳ ಮುಂದೇನೇ ಒಂದ್ಕಿತ ಯೋಳ್ಬುಡ್ಲಿ. ನಿಜ ಆದ್ರೆ ನಾನೇ ಮನೆಗೆ ಕಳ್ಸ್ತೀನಿ."

ಮ್ಯಾನೇಜರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನನ್ನನ್ನು ನೋಡಿ ಕಿಸಕ್ಕನೆ ನಕ್ಕರು. "ಯಾರು ಹೇಳಿದ್ದು? ನೀನೇನಯ್ಯಾ?"

"ಇಲ್ಲ ಸಾರ್. ನಂಗೇನೂ ಗೊತ್ತಿಲ್ಲ," ಎಂದೆ.

ಆಕೆ ತಲೆ ತಗ್ಗಿಸಿ ನಿಂತಿದ್ದಳು. ಕುಪ್ಪಸದ ಮೇಲೆ ಹಾಲು ಒಸರಿ ಎರಡು ಒದ್ದೆ ಕಲೆ ಬಿದ್ದಿದ್ದವು. ಮೇಸ್ತ್ರಮ್ಮ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಎರಡೇ ಸಲ ಸಾರ್, ನಾನು ಹೆಚ್ಚು ಮಾಡಿ ಹೇಳಿದೆ ಎಂದು ಒಂದು ಮಾತು ಹೇಳಿದ್ದರೆ ಒಂದು ಮನೆಯ ಅನ್ನ ಉಳಿಯುತ್ತಿತ್ತು. ಮ್ಯಾನೇಜರು ಯಾರಿಗೋ ಫೋನು ಹಚ್ಚಿ, ಅವರಿಬ್ಬರನ್ನೂ ಮುಕ್ಕಾಲು ಗಂಟೆ ಹಾಗೇ ನಿಲ್ಲಿಸಿದರು.

ಹೊಗೆಸೊಪ್ಪಿಗೆ ಹದ ಮುಖ್ಯ. ರಾತ್ರಿಯ ತಂಪಿಗೆ ಎಲೆ ಮೆತ್ತಗಾಗಿರುತ್ತದೆ, ಬಿಸಿಗಾಳಿ ತಾಗಿದರೆ ಒಣಗಿ ಪುಡಿಯಾಗುತ್ತದೆ. ಅದಕ್ಕೇ ಮೇಜಿನಿಂದ ಏಳುವ ಮುಂಚೆ ರಾಶಿಗೆ ಒದ್ದೆ ಗೋಣಿ ಹೊದಿಸಬೇಕು. ಎಷ್ಟೋ ವರ್ಷದಲ್ಲಿ ಒಮ್ಮೆಯೂ ತಪ್ಪದ ಮೇಸ್ತ್ರಮ್ಮ ಅವತ್ತು ತಪ್ಪಿದರು. ಹೇಳಿದವನು ಅಲ್ಲೇ ಇದ್ದಾನೆ, ಒಂದು ಮಾತು ಹೇಳುತ್ತಾನೆ, ಎರಡು ನಿಮಿಷದ ಕೆಲಸ ಎಂದುಕೊಂಡು ಗೋಣಿ ಹೊದಿಸದೆ ಎದ್ದು ಬಂದಿದ್ದರು. ಉಳಿದ ಹೆಂಗಸರೂ ಕೆಲಸ ಬಿಟ್ಟು ಬಾಗಿಲ ಬಳಿ ಕಿವಿ ಕೊಟ್ಟು ನಿಂತಿದ್ದರು. ಫೆಬ್ರವರಿಯ ಗಾಳಿ. ಹಿಂದಿರುಗಿ ಹೋಗುವಷ್ಟರಲ್ಲಿ ಒಳ್ಳೆಯ ಎಲೆಯೆಲ್ಲ ಹಪ್ಪಳದಂತೆ ಮುರಿಯುತ್ತಿತ್ತು.

ಮ್ಯಾನೇಜರಿಗೆ ಬೇಕಾಗಿದ್ದು ಸಿಕ್ಕಿತು. "ರಿಪೋರ್ಟ್ ಬರಿಯಯ್ಯಾ" ಎಂದರು. ನಾನು ಬರೆದೆ. ದುಂಡಗಿನ ಅಕ್ಷರದಲ್ಲಿ, ಮೇಸ್ತ್ರಿಯ ಅಜಾಗರೂಕತೆಯಿಂದ ಎಂದು ಬರೆದೆ. ಮುಕ್ಕಾಲು ಗಂಟೆ ನಿಲ್ಲಿಸಿದ್ದು ಯಾರು ಎಂದು ಬರೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎತ್ತೇ ಕಬ್ಬಿಣ ಕಾಯಿಸಿ ಕೊಟ್ಟಿತು. ಹೆಬ್ಬೆಟ್ಟು ಒತ್ತುವ ಮುಂಚೆ ಮೇಸ್ತ್ರಮ್ಮ "ಓದ್ರಪ್ಪ, ಕೇಳ್ತೀನಿ" ಎಂದರು. ಓದಿದೆ. "ಸೊಪ್ಪು ಮುಚ್ದೆ ಎದ್ದಿದ್ದು ನನ್ ತಪ್ಪೇಯ. ಅದ ಒಪ್ಕತೀನಿ," ಎಂದು ಒತ್ತಿದರು. ಅವರಿಗೂ, ಆ ತಾಯಿಗೂ ಅವತ್ತೇ ಕೆಲಸದ ಕೊನೆಯ ದಿನವಾಯಿತು.

ಎರಡು ತಿಂಗಳಿಗೆ ನಾನು ಕಾಯಂ ಆದೆ. ಅದೇ ಬೇಸಿಗೆಯಲ್ಲಿ ಮೈಸೂರಿನಿಂದ ಟೈ ಕಟ್ಟಿದ ಒಬ್ಬ ಮಹಾಶಯನನ್ನು ಕರೆಸಿ ನಮಗೆಲ್ಲ ವ್ಯಕ್ತಿತ್ವ ವಿಕಸನ ಶಿಬಿರ ಮಾಡಿಸಿದರು. ಚಪ್ಪಾಳೆ ತಟ್ಟಿಸಿದ, ಕಣ್ಣು ಮುಚ್ಚಿಸಿದ, ಪಕ್ಕದವನನ್ನು ಅಪ್ಪಿಕೊಳ್ಳಿ ಎಂದ. ನಾನು ಅಪ್ಪಿದ್ದು ಮ್ಯಾನೇಜರನ್ನು. ಬೆವರು, ಪೌಡರು, ಕಿವಿಯ ವಾಸನೆ. ಕೊನೆಗೆ ಒಬ್ಬೊಬ್ಬರ ಒಳ್ಳೆಯ ಗುಣವನ್ನು ಚೀಟಿಯಲ್ಲಿ ಬರೆದು ಅವರ ಬೆನ್ನಿಗೆ ಅಂಟಿಸಬೇಕಿತ್ತು. ನನ್ನ ಬೆನ್ನಿನಿಂದ ಕಿತ್ತು ನೋಡಿದರೆ 'ನಂಬಿಕಸ್ಥ' ಎಂದಿತ್ತು. ಅಕ್ಷರ ಮ್ಯಾನೇಜರದು. ಹೊರಗೆ ಹೋಗಿ ಹೊಂಗೆಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಹಾಗೆಂದು ರಾಜೀನಾಮೆ ಎಸೆದು ಬಂದೆ ಎಂದುಕೊಳ್ಳಬೇಡಿ, ಅಂಥ ಗಂಡಸುತನ ನನಗಿರಲಿಲ್ಲ. ಡಿಪೋ ಮುಚ್ಚುವವರೆಗೂ ಅಲ್ಲೇ ಇದ್ದೆ, ನಾಲ್ಕು ಗಂಟೆಯ ಟೀ ಕುಡಿಯುತ್ತಲೇ ಇದ್ದೆ.

ಆಮೇಲೆ ಒಂದೇ ಸಲ ಮೇಸ್ತ್ರಮ್ಮ ಸಿಕ್ಕಿದ್ದು, ಬಿಳಿಕೆರೆಯ ಬಸ್ ನಿಲ್ದಾಣದಲ್ಲಿ. ಆಗ ನಾನು ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರ ಆಫೀಸು ಸೇರಿದ್ದೆ. ಮುಖ ತಿರುಗಿಸಿಕೊಳ್ಳುವುದರೊಳಗೆ ಅವರೇ ಬಂದು ಮಾತಾಡಿಸಿದರು. ನನ್ನ ಅಮ್ಮನ ಮಂಡಿನೋವು ವಿಚಾರಿಸಿದರು. ಸಂಬಳ ಎಷ್ಟು ಎಂದು ಕೇಳಲಿಲ್ಲ. "ಅಲ್ಲಿ ಜನ ಎಂಗವ್ರೆ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ನಾನು ಇನ್ನೇನೋ ಹೇಳಬಹುದು ಎಂಬಂತೆ ಸ್ವಲ್ಪ ಹೊತ್ತು ನಿಂತಿದ್ದರು. ಹುಣಸೂರಿನ ಬಸ್ಸು ಬಂತು, ಹತ್ತಿದರು.

ಗಿರಣಿಯಲ್ಲಿ ಈಗ ಯಾರಾದರೂ ಇನ್ನೊಬ್ಬರ ಮಾತು ಹೊತ್ತು ತಂದರೆ ನಾನು ಮೊದಲು ಆ ಇನ್ನೊಬ್ಬರನ್ನು ಕರೆಸುತ್ತೇನೆ. ಮಾಲೀಕರಿಗೆ ಇದು ವಿಚಿತ್ರ ಎನಿಸಿತ್ತು, ಈಗ ಅವರೂ ರೂಢಿ ಮಾಡಿಕೊಂಡಿದ್ದಾರೆ. ಕೆಲಸದವರು ನನ್ನನ್ನು ನೇರ ಮನುಷ್ಯ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಕೆಲವು ವರ್ಷದ ಹಿಂದೆ ಗಿರಣಿಗೆ ಭತ್ತ ತಂದವರೊಬ್ಬರಿಂದ ಮೇಸ್ತ್ರಮ್ಮ ತೀರಿಕೊಂಡ ಸುದ್ದಿ ತಿಳಿಯಿತು. ತಿಥಿಗೆ ಹೋದೆ. ಚಪ್ಪರದಡಿ ಡಿಪೋದ ಹಳೆಯ ಹೆಂಗಸರು ಹತ್ತು ಹನ್ನೆರಡು ಜನ ಕೂತಿದ್ದರು. ಹಾಲು ಕುಡಿಸಲು ಎದ್ದು ಹೋಗುತ್ತಿದ್ದ ಆ ತಾಯಿ ಊಟದ ಎಲೆ ಹಾಕುತ್ತಿದ್ದಳು. ನನ್ನ ಮುಂದೆ ಎಲೆ ಹಾಕಲು ಬಗ್ಗಿದಾಗ ನಾನು ಎದ್ದು ನಿಂತೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ. "ಅವತ್ತು ಮ್ಯಾನೇಜರಿಗೆ ನಿಮ್ಮ ಮೇಲೆ ಹೇಳಿದ್ದು ನಾನೇ. ಎರಡು ಸಲ ಹೋಗ್ತಿದ್ದುದನ್ನ ನಾಲ್ಕು ಸಲ ಅಂದೆ. ಆಮೇಲೆ ಗೊತ್ತಿಲ್ಲ ಅಂತ ಸುಳ್ಳು ಹೇಳ್ದೆ."

ಆಕೆ ಎಲೆ ಹಾಕಿ ನೀರು ಚಿಮುಕಿಸಿದಳು. ಆಶ್ಚರ್ಯವನ್ನೇ ಪಡಲಿಲ್ಲ.

"ಅದು ಮೇಸ್ತ್ರಮ್ಮಂಗೆ ಅವತ್ತೇ ಗೊತ್ತಿತ್ತು ಕಣ್ರೀ," ಎಂದಳು. "ಅವತ್ ಸಂಜೆ ಗೇಟ್ ತಾವ, ಬಸ್ ಬಂತು ಬಾರಕ್ಕ ಅಂತ ನಾನು ಕೈ ಇಡ್ದು ಎಳ್ದೆ. ಬರ್ನಿಲ್ಲ. 'ಇರವ್ವ, ಉಡುಗ ಕೆಟ್ಟವ್ನಲ್ಲ. ಆವಯ್ಯನ ಮುಂದೆ ಯೋಳಕ್ಕಾಗ್ನಿಲ್ಲ, ಆಚೀಗ್ ಬಂದು ನಿನ್ತಾವ ಯೋಳ್ತಾನೆ' ಅಂದ್ರು. ಮೂರ್ ಬಸ್ ಬುಟ್ರು. ಗೇಟ್ಗೆ ಬೀಗ ಆಕಗಂಟ ನಿಂತಿದ್ರು."

ನಾನು ಅವತ್ತು ಮ್ಯಾನೇಜರ ಸ್ಕೂಟರಿನ ಹಿಂದೆ ಕೂತು, ಹಿತ್ತಲ ಗೇಟಿನಿಂದ ಮನೆಗೆ ಹೋಗಿದ್ದೆ.