ಸ್ವಾಲಾಳ ಎಡಗಿವಿ

ನಮ್ಮ ಯೋರುನ್ ಹದಿನೆಂಟರ ವಯಸ್ಸಿನಲ್ಲಿ ಮನೆಗೆಲಸಕ್ಕೆಂದು ಉತ್ತರದ ಹಿಮನಾಡಿನ ಸ್ಟ್ರಾಂದಿರ್ ಕರಾವಳಿಯ ಈ ಕಣಿವೆಗೆ ಬಂದವಳು. ಎರಡು ಚಳಿಗಾಲ ಕಳೆಯುವುದರೊಳಗೆ ಮನೆಯ ಯಜಮಾನ ಗಿಸ್ಲಿಯನ್ನೇ ಮದುವೆಯಾದಳು. ಅಂದಿನಿಂದ ನಲವತ್ತು ವರ್ಷ, ದಿನಾ ಬೆಳಿಗ್ಗೆ ಕೊಟ್ಟಿಗೆಯ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದು ಕುರಿಯ ಕಿವಿ, ಕಣ್ಣು, ಬಾಯಿ ನೋಡಿದಳು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಹಳ್ಳ ಅಷ್ಟೆ. "ಏನು ಯೋರುನ್, ಕುರಿಗಳು ಏನಂದ್ವು ಇವತ್ತು?" ಎಂದು ನಾನು ರೇಗಿಸುತ್ತಿದ್ದೆ. "ನಿನ್ ವಿಷಯಾನೇ ಕಣೋ ಯಾಲ್ತಿ. ನಿನ್ ಹೆಂಡ್ತಿ ಬರಲಿ, ಹೇಳ್ತೀನಿ" ಎನ್ನುತ್ತಿದ್ದಳು.

ಗಿಸ್ಲಿಯ ಜೀವವೆಲ್ಲ ಸ್ವಾಲಾ ಎಂಬ ಮುಂದಾಳು ಕುರಿಯ ಮೇಲಿತ್ತು. ಹಿಮಗಾಳಿಯಲ್ಲಿ ಮಂದೆಯನ್ನು ಮನೆಗೆ ಕರೆತರುವ ತಳಿ ಅದು. ಅವನ ಅಜ್ಜನ ಕಾಲದಿಂದ ಬಂದ ಆ ಸಂತಾನದಲ್ಲಿ ಉಳಿದಿದ್ದವಳು ಇವಳೊಬ್ಬಳೇ, ಅದೂ ಗಬ್ಬದಲ್ಲಿದ್ದಳು. ಬಾಗಿಲು ತೆರೆದರೂ ಸ್ವಾಲಾ ಹೊರಗೆ ಕಾಲಿಡದಿದ್ದರೆ ಬಿರುಗಾಳಿ ಬರುತ್ತದೆ ಎಂದೇ ಲೆಕ್ಕ, ರೇಡಿಯೋದವರು ಏನೇ ಬಡಬಡಿಸಲಿ.

ಅರವತ್ತರ ದಶಕದ ಒಂದು ಮಾರ್ಚ್. ಯೋರುನ್ ಅಕ್ಕನ ಮನೆಗೆ ಹೋಗಿದ್ದಳು. ಆ ಬೆಳಿಗ್ಗೆ ಸ್ವಾಲಾ ಮೂಲೆಯ ಗೋಡೆಗೆ ತಲೆಯೊತ್ತಿ ನಿಂತವಳು ಅಲುಗಾಡಲಿಲ್ಲ. ಗಿಸ್ಲಿ ಫೋನ್ ಎತ್ತಿದ. ಕಣಿವೆಗೆಲ್ಲ ಒಂದೇ ತಂತಿ. ಒಬ್ಬರು ಮಾತಾಡಿದರೆ ಹನ್ನೊಂದು ಮನೆಯವರು ಕಿವಿಗೊಡುತ್ತಿದ್ದ ಕಾಲ. "ಸ್ವಾಲಾ ಹೊರಡ್ತಿಲ್ಲ. ಯಾರೂ ಕುರಿ ಬಿಡಬೇಡಿ" ಎಂದ. ನಾವೆಲ್ಲ ಬಾಗಿಲು ಹಾಕಿದೆವು. ಆಮೇಲೆ ಎರಡು ದಿನ ಬಿಸಿಲೋ ಬಿಸಿಲು. ದಡದ ತುಂಬ ಕುರಿ ಮೇಯುವ ಕಡಲಪಾಚಿ ಬಿದ್ದಿತ್ತು, ನಮ್ಮ ಕುರಿಗಳು ಮಾತ್ರ ಒಳಗೆ!

ಮೂರನೆಯ ದಿನ ಯೋರುನ್ ಬಂದಳು. ಕೋಟೂ ಬಿಚ್ಚದೆ ಕೊಟ್ಟಿಗೆಗೆ ಹೋದಳು. ಸ್ವಾಲಾಳ ಎಡಗಿವಿ ಜೋತುಬಿದ್ದಿತ್ತು, ಎಡ ರೆಪ್ಪೆ ಇಳಿದಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನಡೆಸಿದರೆ ಎಡಕ್ಕೇ ಸುತ್ತುತ್ತಿದ್ದಳು. ಎಡದವಡೆಯೊಳಗೆ ಬೆರಳು ಹಾಕಿದರೆ ನುಂಗಲಾಗದ ಹುಲ್ಲಿನ ಉಂಡೆ.

"ಇದು ಬಿರುಗಾಳಿ ಅಲ್ಲ ಮಾರಾಯ, ರಸಮೇವಿನ ಕಾಯಿಲೆ. ಏನ್ ಹಾಕಿದ್ದೆ ಇವಳಿಗೆ?"

ಗಿಸ್ಲಿ ತಲೆ ಕೆರೆದುಕೊಂಡ. ಒಣಗಿಸಲು ಬಿಸಿಲು ಸಾಲದ ನಮ್ಮ ಊರಲ್ಲಿ ಹಸಿಹುಲ್ಲನ್ನು ಗುಂಡಿಯಲ್ಲಿ ತುಳಿದು, ಗಾಳಿಯಾಡದಂತೆ ಮುಚ್ಚಿ ಹುಳಿಸುತ್ತೇವೆ, ಅದೇ ರಸಮೇವು. ಗುಂಡಿಯ ಅಂಚಿನ ಮುಚ್ಚಿಗೆ ಹರಿದು, ಗಾಳಿ ಹೊಕ್ಕು, ಮಣ್ಣು ಬೆರೆತ ಮೇವಿಗೆ ಬೂಷ್ಟು ಹಿಡಿದಿತ್ತು. ಹುಲ್ಲು ಎಸೆಯುವುದೆಂದರೆ ನಮಗೆ ಪಾಪ. ಸ್ವಾಲಾ ಗಟ್ಟಿಗಿತ್ತಿ, ಅರಗಿಸಿಕೊಳ್ಳುತ್ತಾಳೆ ಎಂದು ಒಂದು ತಿಂಗಳಿಂದ ಅದನ್ನೆಲ್ಲ ಅವಳ ಮುಂದೆಯೇ ಸುರಿದಿದ್ದ.

"ಇನ್ನೂ ನಿಂತಿದ್ದಾಳಲ್ಲ, ಅದೇ ಪುಣ್ಯ. ಮಲಗಿಬಿಟ್ರೆ ಮುಗೀತು" ಎಂದಳು ಯೋರುನ್. ಪಶುವೈದ್ಯರಿದ್ದದ್ದು ಹಿಮ ಮುಚ್ಚಿದ ಘಟ್ಟದಾಚೆ. ಅವರನ್ನು ಫೋನಿನಲ್ಲಿ ಕೇಳಿ, ಮನೆಯಲ್ಲಿದ್ದ ಪೆನಿಸಿಲಿನ್ನನ್ನು ದೊಡ್ಡ ಪ್ರಮಾಣದಲ್ಲಿ ದಿನಕ್ಕೆರಡು ಸಲ ಚುಚ್ಚಿದಳು. ಬಾಟಲಿಯಲ್ಲಿ ಸಕ್ಕರೆ ಪಾಕದ ನೀರು ಕುಡಿಸಿದಳು. ಉಳಿದ ಕುರಿಗಳ ಮುಂದಿದ್ದ ಮೇವನ್ನೆಲ್ಲ ಬಾಚಿ ಎಸೆದು ಒಣಹುಲ್ಲು ಹಾಕಿದಳು. ಮೂರು ದಿನವಾದರೂ ಸ್ವಾಲಾ ಮೆಲುಕು ಹಾಕಲಿಲ್ಲ.

"ನಾನೇನ್ ಮಾಡ್ಲಿ ಹೇಳೇ" ಎಂದ ಗಿಸ್ಲಿ.

"ಫೋನ್ ಮಾಡು. ಬೂಷ್ಟು ಮೇವು ಹಾಕಿದ್ದು ನೀನೊಬ್ಬನೇ ಅಂದ್ಕೊಂಡ್ಯಾ?"

ಅವನು ಫೋನ್ ಎತ್ತಿದ್ದು ನನಗೂ ಕೇಳಿಸಿತು. "ಬಿರುಗಾಳಿ ಬರಲಿಲ್ಲ. ಸ್ವಾಲಾಗೆ ಕಾಯಿಲೆ. ಕೆಟ್ಟ ಮೇವು ಹಾಕಿದ್ದು ನಾನೇ. ನಿಮ್ಮ ಗುಂಡಿ ಅಂಚಿನದನ್ನ ಎಸೆದ್ಬಿಡಿ." ತಂತಿಯಲ್ಲಿದ್ದ ಯಾರೂ ನಗಲಿಲ್ಲ.

ಆಗ ನಾನು ಬಾಯಿಬಿಟ್ಟೆ. "ನನ್ನಲ್ಲೂ ಎರಡು ಕುರಿಗಳ ಕಿವಿ ಜೋತುಬಿದ್ದಿದೆ. ನಿನ್ನೆಯಿಂದ." ಹೇಳದೆ ಕೂತಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಂಡನ ಕೈಯಿಂದ ಯೋರುನ್ ಫೋನ್ ಕಿತ್ತುಕೊಂಡಿರಬೇಕು. "ನಿಂತಿದಾವಾ? ಬಂದೆ. ನಿನ್ ಸೊಸೆ ಬಸುರಿ ಅಲ್ವಾ, ಈ ಕಾಯಿಲೆ ಹೊಟ್ಟೆಲಿರೋ ಮಗೂಗೂ ಹತ್ತುತ್ತೆ, ಅವಳು ಕೊಟ್ಟಿಗೆ ಕಡೆ ತಲೆನೂ ಹಾಕ್ಬಾರ್ದು, ಹಸಿಹಾಲೂ ಬೇಡ. ನೀನು ಕೈ ತೊಳ್ಕೊ!"

ಸ್ವಾಲಾಳನ್ನು ಗಿಸ್ಲಿಗೆ ಒಪ್ಪಿಸಿ, ಔಷಧಿ ಚೀಲ ಹೊತ್ತು ಹಳ್ಳ ದಾಟಿ ಬಂದಳು. ನನ್ನ ಎರಡರಲ್ಲಿ ಒಂದು ಸತ್ತಿತು, ಒಂದು ಬದುಕಿತು. ಮರುದಿನ ಮಧ್ಯಾಹ್ನ ಯೋರುನ್‌ಳನ್ನು ಮನೆಗೆ ಬಿಡಲು ನಾನೂ ಹೋದೆ.

ಗಿಸ್ಲಿ ನೆಲದಲ್ಲಿ ಕೂತಿದ್ದ. ಅವನ ಮಂಡಿಗೆ ಒರಗಿ ನಿಂತಿದ್ದ ಸ್ವಾಲಾಳ ದವಡೆ ಆಡುತ್ತಿತ್ತು. "ಬೆಳಿಗ್ಗೆಯಿಂದ ಹೀಗೇ. ಅಲುಗಾಡಿದ್ರೆ ಮೆಲುಕು ನಿಲ್ಲಿಸಿಬಿಡ್ತಾಳೇನೋ ಅಂತ ನಾನು ಎದ್ದೇ ಇಲ್ಲ" ಎಂದು ಪಿಸುಗುಟ್ಟಿದ.

ಯೋರುನ್ ಬಗ್ಗಿ ಎಡದವಡೆಯೊಳಗೆ ಬೆರಳು ಹಾಕಿದಳು. ಖಾಲಿ. "ನುಂಗಿದ್ದಾಳೆ" ಎಂದಳು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಗಂಡನ ಪಕ್ಕ ಕುಸಿದು ಕೂತು ಗಳಗಳನೆ ಅತ್ತಳು.