ಬೋರ್ಡಿಗೆ ಬೆನ್ನು ಕೊಟ್ಟವಳು

ಪ್ರೊಜೆಕ್ಟರಮ್ಮ ಎಂದು ಅವಳಿಗೆ ಹೆಸರಿಟ್ಟವಳು ನಾನೇ. ಶಿಕ್ಷಕರ ತರಬೇತಿಯಲ್ಲಿ ನಮ್ಮಿಬ್ಬರದೂ ಒಂದೇ ಬೆಂಚು. ನಾನು ನಾಲ್ಕು ವರ್ಷ ದೊಡ್ಡವಳು. ಅಭ್ಯಾಸದ ಪಾಠಕ್ಕೆ ಹೊರಟರೆ ನಮ್ಮ ಕೈಯಲ್ಲಿ ಸೀಮೆಸುಣ್ಣದ ಡಬ್ಬಿ, ಅವಳ ಹೆಗಲಲ್ಲಿ ಲ್ಯಾಪ್‌ಟಾಪು, ಕಂಕುಳಲ್ಲಿ ಪ್ರೊಜೆಕ್ಟರು. ತರಗತಿಯಲ್ಲಿ ತಂತ್ರಜ್ಞಾನ ಯಾಕೆ ಬೇಕು ಎಂದು ಒಬ್ಬೊಬ್ಬರೂ ಮಾತಾಡಬೇಕಾಗಿ ಬಂದಾಗ ನಾವೆಲ್ಲ ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದೆವು. ಅವಳು ಹೇಳಿದ್ದು ಎರಡೇ ಮಾತು: "ಬೋರ್ಡಿಗೆ ಬರೆಯುವಾಗ ಮಕ್ಕಳಿಗೆ ಬೆನ್ನು ಹಾಕಬೇಕಾಗುತ್ತೆ. ಪರದೆ ಇದ್ರೆ ಅವರ ಮುಖ ನೋಡ್ತಾನೇ ಪಾಠ ಮಾಡಬಹುದು." ಸೋಮಾರಿತನಕ್ಕೆ ಎಂಥ ಚಂದದ ನೆಪ ಎಂದು ಪಕ್ಕದವಳಿಗೆ ಪಿಸುಗುಟ್ಟಿ ನಕ್ಕಿದ್ದೆ.

ಕೊನೆಯ ಪರೀಕ್ಷಾ ಪಾಠದ ಹಿಂದಿನ ದಿನ, ನಮ್ಮ ಪಾಠ ನೋಡಿ ಅಂಕ ಕೊಡುವ ಮೇಷ್ಟ್ರು ಅವಳನ್ನು ಕರೆದರು. "ಕರೆಂಟ್ ಹೋದ್ರೆ ಏನ್ ಮಾಡ್ತೀಯಮ್ಮ? ನಾಳೆ ಸೀಮೆಸುಣ್ಣ ಮಾತ್ರ." ಅದರಲ್ಲಿ ಫೇಲಾದರೆ ಎರಡು ವರ್ಷದ ಓದು ನೀರಿಗೆ ಹಾಕಿದಂತೆ.

ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಅವಳು ಬಾಯಿಬಿಟ್ಟಳು.

"ಅಕ್ಕಾ, ನಂಗೆ ಎಡಗಿವಿ ಪೂರ್ತಿ ಹೋಗಿದೆ. ಬಲದ್ದೂ ಅಷ್ಟಕ್ಕಷ್ಟೇ. ಕಿವಿಗೆ ಮಿಷನ್ ಹಾಕಿದ್ರೆ ಗಲಾಟೆ ಕೇಳುತ್ತೆ, ಮಾತು ಕೇಳಲ್ಲ. ತುಟಿ ನೋಡ್ಕೊಂಡೇ ಇಷ್ಟು ದಿನ ತಳ್ಳಿದೀನಿ."

"ಮೇಷ್ಟ್ರಿಗೆ ಹೇಳಿಬಿಡು."

"ಕಿವುಡಿ ಕೈಗೆ ಯಾರಕ್ಕಾ ಮಕ್ಕಳನ್ನ ಕೊಡ್ತಾರೆ? ನಮ್ಮಮ್ಮನ್ನ ಬಿಟ್ರೆ ನಿಮಗೊಬ್ಬರಿಗೇ ಗೊತ್ತಿರೋದು."

ಆ ಅಡ್ಡಹೆಸರು ಇಟ್ಟ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಎನಿಸಿತು ನನಗೆ.

ಮರುದಿನ ಐದನೇ ತರಗತಿ, ಭಿನ್ನರಾಶಿಗಳನ್ನು ಕೂಡುವ ಪಾಠ. ಮೇಷ್ಟ್ರೂ ನಾನೂ ಹಿಂದಿನ ಬೆಂಚಿನಲ್ಲಿದ್ದೆವು. ಅವಳು ಲೆಕ್ಕ ಬರೆಯಲು ತಿರುಗಿದಳು.

"ಟೀಚರ್, ಕೆಳಗಿನ ಸಂಖ್ಯೆ ಯಾಕೆ ಕೂಡಬಾರ್ದು?" ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು. ಸೀಮೆಸುಣ್ಣ ಓಡುತ್ತಲೇ ಇತ್ತು. ಹುಡುಗಿ ಮತ್ತೆ ಕೇಳಿದಳು. ಮೂರನೇ ಸಲಕ್ಕೆ ಇಡೀ ತರಗತಿ ಕಿಸಕ್ಕೆಂದಿತು, ಮೇಷ್ಟ್ರ ಪೆನ್ನು ಏನನ್ನೋ ಗೀಚಿತು.

ಬರೆದು ಮುಗಿಸಿ ತಿರುಗಿದವಳಿಗೆ ಕಂಡದ್ದು ನಗುವ ಬಾಯಿಗಳು. ಅತ್ತೇಬಿಡುತ್ತಾಳೆ ಎಂದುಕೊಂಡೆ.

"ನಂಗೆ ಕಿವಿ ಸರಿಯಾಗಿ ಕೇಳಲ್ಲ," ಎಂದಳು. "ಬೆನ್ನು ಹಾಕಿದಾಗ ಯಾರು ಏನು ಕೇಳಿದ್ರೂ ಗೊತ್ತಾಗಲ್ಲ. ಈಗ ಕೇಳಿ."

ನಗು ಗಪ್ಪೆಂದು ನಿಂತಿತು. ಹುಡುಗಿ ಬಾಯಿಯನ್ನು ಅಗಲಿಸಿ, ಒಂದೊಂದೇ ಮಾತಾಗಿ, ಅದೇ ಪ್ರಶ್ನೆ ಕೇಳಿದಳು. ಅವಳು ಸೀಮೆಸುಣ್ಣವನ್ನು ಆ ಹುಡುಗಿಯ ಕೈಗೇ ಕೊಟ್ಟಳು. "ನೀನು ಬರಿ. ನಾನು ಇವರ ಕಡೆ ನೋಡ್ತಾ ಹೇಳ್ತೀನಿ."

ಲೆಕ್ಕ ಅರ್ಧವಾಗಿತ್ತು, ಆಗ ಗಂಟೆ ಹೊಡೆಯಿತು. ಪಕ್ಕದ ತರಗತಿಗಳು ದಬದಬನೆ ಹೊರಗೋಡಿದವು. ಇಲ್ಲಿ ಒಂದು ಮಗುವೂ ಏಳಲಿಲ್ಲ. ಅವಳು ಹೇಳುತ್ತಲೇ ಇದ್ದಳು.

ಮೇಷ್ಟ್ರು ನೋಟ್‌ಬುಕ್ಕನ್ನು ಬಾಯಿಗೆ ಅಡ್ಡ ಹಿಡಿದು, ಗಂಟೆ ಆಯ್ತು ಅಂದರು.

"ಸರ್, ಬುಕ್ ಸ್ವಲ್ಪ ಕೆಳಗಿಳಿಸ್ತೀರಾ? ನಿಮ್ಮ ಬಾಯಿ ಕಾಣ್ತಿಲ್ಲ."

ಮೇಷ್ಟ್ರು ನೋಟ್‌ಬುಕ್ಕನ್ನು ಮುಚ್ಚಿ ಬೆಂಚಿನ ಮೇಲಿಟ್ಟರು. ಅವಳಿಗೆ ಕಾಣುವಂತೆ ನಿಧಾನವಾಗಿ ಹೇಳಿದರು:

"ಏನಿಲ್ಲಮ್ಮ. ಪಾಠ ಮುಗಿಸು."