ಹಲೀಮಾ ಬೀ ಮೂಸಿದ ಡ್ರಮ್ಮುಗಳು

ಚಳ್ಳಕೆರೆಯಲ್ಲಿ ಕಂಡವರ ವಿಷಯಕ್ಕೆ ಮೂಗು ತೂರಿಸುವವರಿಗೆ ಬರವೇನಿಲ್ಲ. ಆದರೆ ಆ ಕೆಲಸಕ್ಕೆಂದೇ ಸ್ಟೂಲು ಹಾಕಿ ಕೂರಿಸಿ, ಮೇಲೆ ಚಹಾ ಬೇರೆ ತರಿಸಿಕೊಡುವುದು ಬಳ್ಳಾರಿ ರಸ್ತೆಯ ವೆಲ್ಡಿಂಗ್ ಅಂಗಡಿಯ ಹಲೀಮಾ ಬೀಗೆ ಮಾತ್ರ. ಅರವತ್ತೆರಡು ವರ್ಷದ ಈ ಹೆಂಗಸಿನ ಕೆಲಸ ಹಳೆಯ ಡ್ರಮ್ಮುಗಳನ್ನು ಮೂಸುವುದು.

ನಗಬೇಡಿ, ಇದು ತಲೆ ಉಳಿಸುವ ಕೆಲಸ. ಎಣ್ಣೆ ಗಿರಣಿಗಳ ಊರಿನಲ್ಲಿ ಖಾಲಿ ಡ್ರಮ್ಮುಗಳಿಗೆ ಲೆಕ್ಕವಿಲ್ಲ. ಸುತ್ತಲಿನ ಹಳ್ಳಿಯವರು ಅವನ್ನು ಗುಜರಿಯಿಂದ ಕೊಂಡು, ಕೊಯ್ಯಿಸಿ, ಕುರಿಗೆ ನೀರು ಕುಡಿಸುವ ತೊಟ್ಟಿ ಮಾಡಿಕೊಳ್ಳುತ್ತಾರೆ. ಖಾಲಿ ಅನ್ನುವುದು ಬರೀ ಬಾಯಿಮಾತು. ಒಳಗೆ ಹಿಂದೆ ಇದ್ದದ್ದರ ಆವಿ ಕೂತಿರುತ್ತದೆ. ಗ್ಯಾಸ್ ಕಟರಿನ ಬೆಂಕಿ ತಗಡನ್ನು ತೂತು ಮಾಡಿ ಆ ಆವಿಗೆ ತಾಗಿದರೆ ಡ್ರಮ್ಮಿನ ಮುಚ್ಚಳ ಎದುರಿಗಿದ್ದವನ ಮುಖ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಕೊಯ್ಯುವ ಮೊದಲು ಒಳಗೇನಿತ್ತು ಅಂತ ತಿಳಿಯಬೇಕು. ಈ ಅಂಗಡಿಯಲ್ಲಿ ಅದನ್ನು ತಿಳಿಸುತ್ತಿದ್ದದ್ದು ಹಲೀಮಾ ಬೀಯ ಮೂಗು.

ಆ ಮೂಗು ತಯಾರಾದದ್ದು ರಾಂಪುರದ ಸಂತೆಯಲ್ಲಿ. ಅಪ್ಪ ಅಲ್ಲಿ ಸೀಮೆಎಣ್ಣೆಯಿಂದ ಹಿಡಿದು ಹರಳೆಣ್ಣೆಯವರೆಗೆ ಎಲ್ಲ ಎಣ್ಣೆ ಮಾರುತ್ತಿದ್ದ. ಅವನ ಪಕ್ಕ ಕೂರುತ್ತಿದ್ದ ಹುಡುಗಿಗೆ ಕಂಡದ್ದನ್ನೆಲ್ಲ ಮೂಸುವ ಚಟ. ಇದರಲ್ಲಿ ಏನು ಬೆರೆಸಿದ್ದಾರೆ, ಅದು ಯಾಕೆ ಕಮಟು ಹಿಡಿದಿದೆ, ಹೊಸ ಬಟ್ಟೆಗೆ ಯಾಕೆ ಗಂಜಿ ವಾಸನೆ ಎಂದು ಕೇಳಿ ಕೇಳಿ ಸಂತೆಯವರ ತಲೆ ತಿನ್ನುತ್ತಿದ್ದಳು. ಮದುವೆಯಾಗಿ ಚಳ್ಳಕೆರೆಗೆ ಬಂದ ಹೊಸದರಲ್ಲಿ ಒಂದು ದಿನ ಗಂಡ ಮಹಮ್ಮದ್ ಹುಸೇನರಿಗೆ ಚಹಾ ಕೊಡಲು ಅಂಗಡಿಗೆ ಬಂದವಳು, ಅವರು ಕೊಯ್ಯಲು ಹೊರಟಿದ್ದ ಡ್ರಮ್ಮಿನ ಬಾಯಿಗೆ ಮೂಗಿಟ್ಟು, "ಇದು ನೀರಿನ ಡ್ರಮ್ಮಲ್ಲ, ಪೇಂಟಿಗೆ ಬೆರೆಸೋ ಥಿನ್ನರಿಂದು" ಅಂದಳು. ಮಾರಿದವನನ್ನು ಹಿಡಿದು ಕೇಳಿದಾಗ ಹೌದೆಂದು ಒಪ್ಪಿಕೊಂಡ. ಮರುದಿನ ಅಂಗಡಿಯಲ್ಲಿ ಆಕೆಗೊಂದು ಸ್ಟೂಲು ಬಂತು.

ಅಂದಿನಿಂದ ಅದೇ ಪದ್ಧತಿ. ಆಕೆ ಮೂಸಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಡೀಸೆಲ್, ಥಿನ್ನರ್, ಹತ್ತಿಗೆ ಹೊಡೆಯುವ ಔಷಧಿ ಇದ್ದ ಡ್ರಮ್ಮಿಗೆ ಇಂಟು ಗುರುತು. ಅದಕ್ಕೆ ಬಾಯಿಮಟ್ಟ ನೀರು ತುಂಬಿ ಆಮೇಲೆ ಕಟರ್ ಹಚ್ಚುವುದು. ನೀರು ತುಂಬಿದ ಕಡೆ ಆವಿಗೆ ಜಾಗವಿಲ್ಲ. ಕಡಲೇಕಾಯಿ ಎಣ್ಣೆಯದಾದರೆ ಸೊನ್ನೆ. ತಿನ್ನುವ ಎಣ್ಣೆ ಏನು ಮಾಡೀತು ಎಂದು ಅದನ್ನು ಒಣಗಿದ್ದಂತೆಯೇ ಕೊಯ್ಯುವುದು. ದಿನಾ ಅದರಲ್ಲೇ ಒಗ್ಗರಣೆ ಹಾಕಿಕೊಳ್ಳುವ ಊರಿಗೆ ಅದರ ಮೇಲೆ ಅನುಮಾನ ಹೇಗೆ ಬಂದೀತು? ಗುರುತು ಹಾಕಿ ಹಲೀಮಾ ಬೀ ಅಂಗಡಿಯ ಹಿಂದಿನ ಮನೆಗೆ ಅಡುಗೆಗೆ ಹೋಗುತ್ತಿದ್ದಳು. ಕೊಯ್ಯುವುದು ಗಂಡಸರ ಪಾಲು.

ನಾಲ್ಕು ವರ್ಷದ ಹಿಂದೆ ಮಹಮ್ಮದ್ ಹುಸೇನರು ಮೂರು ದಿನದ ಕಾಯಿಲೆಯಲ್ಲಿ ತೀರಿಕೊಂಡರು. ಹುಡುಗನಾಗಿದ್ದಾಗಲೇ ದಾವಣಗೆರೆ ಸೇರಿ ಅಲ್ಲೇ ಗೇಟು, ಗ್ರಿಲ್ಲು ಮಾಡಿಕೊಂಡಿದ್ದ ಮಗ ಶಹನವಾಜ್ ಹೆಂಡತಿ ನಾಜಿಯಾಳೊಂದಿಗೆ ಬಂದು ಅಂಗಡಿ ಹಿಡಿದ. ಕೈಕೆಲಸ ಬಲ್ಲವನು, ಕಪ್ಪು ಕನ್ನಡಕ, ಚರ್ಮದ ಗ್ಲೌಸು ಇಲ್ಲದೆ ಕಟರ್ ಮುಟ್ಟದವನು. ಡ್ರಮ್ಮಿನ ವಿಷಯದಲ್ಲಿ ಮಾತ್ರ ಅವನಿಗೆ ಅಮ್ಮಿ ಹಾಕಿದ ಗುರುತೇ ಕೊನೆ ಮಾತು.

ಹೀಗಿರುವಾಗ ಕಳೆದ ರಂಜಾನಿನ ಹೊತ್ತಿಗೆ ಹಲೀಮಾ ಬೀಗೆ ಜ್ವರ ಬಂತು. ಹಬ್ಬದ ದಿನ ನಾಜಿಯಾ ಅತ್ತರು ಹಚ್ಚಿದ ಮಣಿಕಟ್ಟನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದಳು. ಏನೂ ಇಲ್ಲ. ನೀರು ಮೂಸಿದ ಹಾಗೆ. ಹಲೀಮಾ ಬೀ "ಮಾಶಾಲ್ಲಾ, ಎಷ್ಟು ಚೆನ್ನಾಗೈತೆ" ಅಂದುಬಿಟ್ಟಳು. ಆ ಸುಳ್ಳು ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕಂಡು ಅವಳಿಗೇ ಭಯವಾಯಿತು. ನೀಲಗಿರಿ ಎಣ್ಣೆ ತಿಕ್ಕಿದಳು, ಕರಿಜೀರಿಗೆ ಹೊಗೆ ಹಾಕಿಕೊಂಡಳು. ಮೂಗು ವಾಪಸು ಬರಲಿಲ್ಲ.

ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದರೆ ಸ್ಟೂಲು ಹೋಗುತ್ತದೆ. ರಸ್ತೆ, ಲಾರಿ, ಬಂದುಹೋಗುವವರ ಸುದ್ದಿ, "ಬೂಬಮ್ಮ ಒಂಚೂರು ನೋಡ್ರಿ" ಎನ್ನುವ ಗಿರಾಕಿಗಳ ಮಾತು, ಎಲ್ಲ ಹೋಗಿ ಒಳಮನೆಯ ಮಂಚ ಉಳಿಯುತ್ತದೆ. ಆಕೆಗೆ ಅದು ಬೇಡವಾಗಿತ್ತು. ನಾಚಿಕೆಯ ವಿಷಯವಾದರೂ ನಿಜ ಅದೇ.

ಮೊದಮೊದಲು ಬಂದದ್ದಕ್ಕೆಲ್ಲ ಇಂಟು ಎಳೆದಳು. ವಾರ ಕಳೆಯುವಷ್ಟರಲ್ಲಿ ಶಹನವಾಜ್ ಗೊಣಗಿದ. ಒಂದು ಡ್ರಮ್ಮಿಗೆ ಹದಿಮೂರು ಕೊಡ ನೀರು. ಟ್ಯಾಂಕರಿನವನು ಬರುವುದು ಎರಡು ದಿನಕ್ಕೊಮ್ಮೆ. ಆಗ ಆಕೆ ಬೇರೆ ದಾರಿ ಹಿಡಿದಳು. ಎಲ್ಲಿ ತಂದಿರಿ, ಯಾವ ಗಿರಣಿಯದು, ಎಷ್ಟು ದಿನ ಬಿಸಿಲಲ್ಲಿತ್ತು ಎಂದು ಪೊಲೀಸರ ಹಾಗೆ ವಿಚಾರಣೆ. ಮುಚ್ಚಳದ ಸಂದಿಗೆ ಕಡ್ಡಿ ಹಾಕಿ ಕೆರೆದು ಬಣ್ಣ ನೋಡುವುದು. ಹಳದಿ ಅಂಟಾದರೆ ಕಡಲೇಕಾಯಿ, ಕಪ್ಪು ಜಿಡ್ಡಾದರೆ ಡೀಸೆಲ್. ಎಂಟು ತಿಂಗಳು ಹೀಗೇ ನಡೆಯಿತು. ಪ್ರತಿ ಸೊನ್ನೆ ಬರೆದು ಒಳಗೆ ಹೋದ ಮೇಲೂ ಕಟರಿನ ಸದ್ದು ನಿಲ್ಲುವ ತನಕ ಆಕೆಯ ಕಿವಿ ಅಂಗಡಿಯಲ್ಲೇ ಇರುತ್ತಿತ್ತು.

ಊಹೆ ಸಾಕಾಗಲಿಲ್ಲ. ಇನ್ನೂ ಗಟ್ಟಿಯಾದ ಗುರುತು ಸಿಗುತ್ತದಾ, ಸುಟ್ಟರೆ ಕಡಲೇಕಾಯಿ, ಡೀಸೆಲ್ ಎರಡರ ಹೊಗೆ ಬೇರೆ ಬೇರೆ ಇರುತ್ತದಾ ಎಂಬ ಕುತೂಹಲ ಹತ್ತಿತು. ಒಂದು ಶುಕ್ರವಾರ, ಅಂಗಡಿ ಬಾಗಿಲು ಹಾಕಿದ್ದಾಗ, ಮಗ ನಮಾಜಿಗೂ ಸೊಸೆ ಪಕ್ಕದ ಮನೆಗೂ ಹೋದ ಹೊತ್ತು ನೋಡಿ, ಹಳದಿ ಅಂಟನ್ನು ಹಳೆಯ ಕಬ್ಬಿಣದ ಸೌಟಿನಲ್ಲಿ ಹಾಕಿ ಒಲೆಯ ಮೇಲೆ ಹಿಡಿದಳು. ಅಂಟು ಕರಗಿತು, ಗುಳ್ಳೆ ಬಂತು, ದಟ್ಟ ಹೊಗೆ ಎದ್ದಿತು. ಒಲೆ ಆರಿಸಿ, ಬೆಂಕಿಕಡ್ಡಿ ಗೀರಿ, ಸೌಟಿಗೆ ತಾಗಿಸದೆ ಗೇಣು ಮೇಲೆ ಹೊಗೆಯಲ್ಲಿ ಹಿಡಿದಳು. ಭಗ್ ಎಂದು ಹೊಗೆಯೇ ಹೊತ್ತಿಕೊಂಡಿತು. ಸೌಟು ಕೈಯಿಂದ ಜಾರಿತು.

ಒಮ್ಮೆ ಆದದ್ದು ಅಕಸ್ಮಾತ್ ಇರಬಹುದು ಎಂದು ಇನ್ನೊಂದು ಸಲ ಮಾಡಿದಳು. ಹೊತ್ತಿತು. ಮೂರನೆಯ ಸಲವೂ ಹೊತ್ತಿತು. ಆಕೆ ನೆಲದ ಮೇಲೆ ಕೂತು ಯೋಚಿಸಿದಳು. ತಣ್ಣಗಿರುವಾಗ ಸಾಧುವಾದ ಎಣ್ಣೆ, ಕಾದರೆ ಅದರ ಹೊಗೆ ಬೆಂಕಿಗೆ ಬಾಯಿ ತೆರೆಯುತ್ತದೆ. ಕಟರ್ ತಗಡನ್ನು ಕಾಯಿಸುತ್ತದೆ. ತಗಡು ಒಳಗಿನ ಅಂಟನ್ನು ಕಾಯಿಸುತ್ತದೆ. ಮುಚ್ಚಿದ ಡ್ರಮ್ಮಿನೊಳಗೆ ಈ ಹೊಗೆ ಎಲ್ಲಿಗೆ ಹೋದೀತು? ಹಾಗಾದರೆ ಮೂಗು ಗಟ್ಟಿಯಿದ್ದ ಕಾಲದಲ್ಲಿ, ಸರಿಯಾಗಿಯೇ ಮೂಸಿ ಹಾಕಿದ ಸೊನ್ನೆಗಳೂ ತಪ್ಪೇ. ಸ್ಟೂಲಿನಲ್ಲಿ ಕೂತ ಈ ಮೂವತ್ತೆಂಟು ವರ್ಷದಲ್ಲಿ ಒಂದೂ ಯಾಕೆ ಹಾರಲಿಲ್ಲ?

ನಾಜಿಯಾ ಕೆಮ್ಮುತ್ತಾ ಓಡಿಬಂದಳು. "ಅಮ್ಮೀ, ಬೀದಿಗೆಲ್ಲ ಸುಟ್ಟ ವಾಸನೆ ಹೊಡೀತೈತೆ. ಇಲ್ಲೇ ಕೂತು ನಿಮಗೆ ಗೊತ್ತಾಗ್ಲಿಲ್ವಾ?"

ಹಲೀಮಾ ಬೀ ಸೊಸೆಯ ಮುಖ ನೋಡಿದಳು. ಸುಳ್ಳು ಈ ಸಲ ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದಳು. ನಾಜಿಯಾ ಕಿಟಕಿ ತೆರೆದು, ಬೆನ್ನು ತಿರುಗಿಸಿಕೊಂಡೇ ಅಂದಳು: "ನಾಳೆ ಅಂಗಡಿ ತೆಗೀತಾರೆ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಸಿದ್ದಾಪುರದ ಸೂರಪ್ಪ. ಐದಾರು ವರ್ಷಕ್ಕೊಮ್ಮೆ ತೊಟ್ಟಿ ತುಕ್ಕು ಹಿಡಿದಾಗ ಬರುವ ಹಳೆಯ ಕುರಿಗಾರ. ಲಗೇಜ್ ಆಟೋದಿಂದ ಎರಡು ಡ್ರಮ್ಮು ಇಳಿಸಿ, "ಕಡ್ಲೇಕಾಯಿ ಎಣ್ಣೇವು ಬೂಬಮ್ಮ. ವಾಸನೆಗೇ ಹಸಿವಾಗ್ತೈತೆ" ಎಂದು ಬೀಡಿ ಅಂಗಡಿ ಕಡೆ ನಡೆದ.

ಶಹನವಾಜನಿಗೂ ವಾಸನೆ ಬಡಿದಿತ್ತು. ಅವನು ಆಗಲೇ ಗ್ಲೌಸು ಹಾಕಿಕೊಂಡು ಸಿಲಿಂಡರಿನ ಹತ್ತಿರ ನಿಂತಿದ್ದ. ಹಲೀಮಾ ಬೀ ಡ್ರಮ್ಮನ್ನು ಮೂಸದೆ ಅದರ ಮೇಲೆ ದೊಡ್ಡದಾಗಿ ಇಂಟು ಎಳೆದಳು.

"ಅಮ್ಮೀ, ಇದು ಎಣ್ಣೆ ಡ್ರಮ್ಮು."

"ಗೊತ್ತು ಬೇಟಾ. ನೀರು ತುಂಬ್ಸು."

"ಎಣ್ಣೆದಕ್ಕೆ ಯಾಕೆ? ನಿನ್ನ ಮೂಗಿಗೆ ಏನು ಹೊಡೀತು?"

ಡೀಸೆಲ್ ಹೊಡೀತು ಅಂದಿದ್ದರೆ ಆ ದಿನ ಮುಗಿದುಹೋಗುತ್ತಿತ್ತು. ಮಗನೂ ಉಳಿಯುತ್ತಿದ್ದ, ಸ್ಟೂಲೂ ಉಳಿಯುತ್ತಿತ್ತು. ಆದರೆ ಸೋಮವಾರ ಇನ್ನೊಂದು ಎಣ್ಣೆ ಡ್ರಮ್ಮು ಬರುತ್ತದೆ. ಬಾಗಿಲ ಪರದೆಯ ಹಿಂದೆ ನಾಜಿಯಾಳ ಪಾದಗಳು ಕಾಣುತ್ತಿದ್ದವು.

"ಏನೂ ಹೊಡೀಲಿಲ್ಲ. ಹಬ್ಬದಿಂದ ನನಗೆ ಯಾವ ವಾಸನೇನೂ ಬರ್ತಿಲ್ಲ" ಅಂದಳು. ಆಮೇಲೆ ಸೌಟಿನ ಕಥೆಯನ್ನೂ ಹೇಳಿದಳು.

ಮನೆಯ ಮಾತು ಮನೆಯಲ್ಲಿರಲಿ ಎಂದು ಉರ್ದುವಿನಲ್ಲೇ ಹೇಳಿದ್ದಳು. ಶಹನವಾಜ್ ಮಾತ್ರ ಸಿಟ್ಟಿಗೆ ಕನ್ನಡಕ್ಕೆ ಬಂದ. ಗ್ಲೌಸು ಕಿತ್ತು ನೆಲಕ್ಕೆ ಬಡಿದ. "ಎಂಟು ತಿಂಗಳು! ಮೂವತ್ತು ಡ್ರಮ್ಮಾದ್ರೂ ಕೊಯ್ದೀನಿ. ನೀನು ಸೊನ್ನೆ ಹಾಕಿದ್ದೀಯಾ ಅಂತ ಮುಖ ಕೊಟ್ಟು ಕೂತಿದ್ದೀನಿ. ನಾನು ಸತ್ತಿದ್ರೆ ಆಗ ಹೇಳ್ತಿದ್ಯಾ?"

ಬೀಡಿ ಹಚ್ಚಿಕೊಂಡು ಬರುತ್ತಿದ್ದ ಸೂರಪ್ಪ ಗಲಾಟೆ ಕೇಳಿ ರಸ್ತೆಯ ಅಂಚಿನಲ್ಲೇ ನಿಂತ. ಡ್ರಮ್ಮಿನ ಮೇಲಿನ ಇಂಟು ನೋಡಿ ಬೀಡಿ ಆರಿಸಿ, ಒಳಗೆ ಬಂದು ಪಂಚೆ ಎತ್ತಿ ಕಟ್ಟಿದ.

"ಇದಕ್ಯಾಕೆ ಜಗಳ ಸಾಬ್ರೇ? ಕೊಡ ಕೊಡ್ರಿ, ನೀರು ನಾನೇ ಹೊರ್ತೀನಿ. ನಿಮ್ಮಪ್ಪಾರೂ ನನ್ನ ಕೈಲೇ ಹೊರಿಸ್ತಿದ್ರು."

"ಅದು ಡೀಸೆಲ್ ಡ್ರಮ್ಮಿಗೆ ಸೂರಪ್ಪಾರೇ" ಅಂದಳು ಹಲೀಮಾ ಬೀ. "ಎಣ್ಣೆದಕ್ಕೆ ನಾನು ಸೊನ್ನೆ ಹಾಕ್ತಿದ್ದೆ. ಅವರು ಹಂಗೇ ಕೊಯ್ತಿದ್ರು."

ಸೂರಪ್ಪ ತಲೆ ಕೆರೆದುಕೊಂಡ. ಹೇಳಲೋ ಬೇಡವೋ ಎಂದು ಅನುಮಾನಿಸಿದ. "ಇಲ್ಲ ಬೂಬಮ್ಮ. ನಾನು ಯಾವತ್ತೂ ತಂದಿದ್ದು ಎಣ್ಣೆ ಡ್ರಮ್ಮೇ. ನೀವು ಸೊನ್ನೆ ಬರ್ದು ಒಳಗೆ ಹೋಗ್ತಿದ್ರಿ. ನೀವು ಹೋದ್ಮೇಲೆ ಅವರು ಕೊಡ ತೆಗೀತಿದ್ರು. ಹಿಂದೆ ಯಾವಾಗ್ಲೋ ನೀವು ತವರಿಗೆ ಹೋದಾಗ ಎಣ್ಣೆ ಡ್ರಮ್ಮಿಂದೇ ತಳ ಕಿತ್ಕಂಡು ಹೋಗಿತ್ತಂತೆ, ಅವರ ಕಿವಿ ಪಕ್ಕದಾಗೇ. ಅಲ್ಲಿಂದ ಯಾವ ಡ್ರಮ್ಮನ್ನೂ ಒಣಾದು ಮುಟ್ಟಿಲ್ಲ ಅಂದ್ರು. ಬೂಬಮ್ಮಂಗೆ ಹೇಳ್ಬೇಡ ಸೂರಪ್ಪ, ಅವಳ ಮೂಗಿಗೆ ಬೇಜಾರಾಗ್ತೈತೆ ಅಂದಿದ್ರು."

ಸೊನ್ನೆ ಹಾಕಿದ ದಿನಗಳಲ್ಲೂ ಅಂಗಳ ಒದ್ದೆಯಾಗಿರುತ್ತಿದ್ದದ್ದು ಹಲೀಮಾ ಬೀಗೆ ನೆನಪಿತ್ತು. ಒಮ್ಮೆ ಕೇಳಿದ್ದಳು ಕೂಡ. ಕೊಯ್ದ ತಗಡು ತಣ್ಣಗಾಗಲಿ ಅಂತ ನೀರು ಸುರಿದೆ ಎಂದು ಗಂಡ ಹೇಳಿದ್ದರು. ಜಗತ್ತಿನ ಎಲ್ಲದಕ್ಕೂ ಯಾಕೆ, ಹೇಗೆ ಎನ್ನುತ್ತಿದ್ದವಳು ಇದನ್ನೊಂದನ್ನು ಎರಡನೆಯ ಸಲ ಕೇಳಿರಲಿಲ್ಲ. ಕೇಳಲು ಮನಸ್ಸಾಗದಷ್ಟು ಸುಖವಿತ್ತು ಆ ಸ್ಟೂಲಿನಲ್ಲಿ. ಗಂಡನ ಮೇಲೆ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಸಿಟ್ಟು. ಮೂರು ದಿನದಲ್ಲಿ ಹೊರಟುಹೋದ ಮನುಷ್ಯ ಮಗನಿಗಾದರೂ ಒಂದು ಮಾತು ಹೇಳಬಾರದಿತ್ತೇ? ಅಂಗಡಿಯ ಜೊತೆ ಮಗನಿಗೆ ಬಂದದ್ದು ಅವಳ ಮೂಗು ಮಾತ್ರ. ಅಪ್ಪ ಗುಟ್ಟಾಗಿ ತುಂಬುತ್ತಿದ್ದ ನೀರು ಬರಲೇ ಇಲ್ಲ.

"ನಿಮ್ಮಪ್ಪ ನನ್ನ ಮರ್ಯಾದೆ ಕಾಪಾಡಿದ್ರು" ಅಂದಳು ಶಹನವಾಜನಿಗೆ. "ನಾನೂ ನನ್ನ ಮರ್ಯಾದೆನೇ ಕಾಪಾಡ್ಕಂಡೆ. ನಿನ್ನ ತಲೆ ಕಾಯೋಕೆ ಯಾರೂ ಇರ್ಲಿಲ್ಲ ಬೇಟಾ. ತಪ್ಪಾಯ್ತು."

ಶಹನವಾಜ್ ಕೊಡ ಎತ್ತಿಕೊಂಡು ಟ್ಯಾಂಕರಿನ ನೀರು ತುಂಬಿಸಿಟ್ಟ ತೊಟ್ಟಿಯ ಕಡೆ ಹೋದ. ಸೂರಪ್ಪ ಹಿಂದೆಯೇ ಹೋದ. ನಾಜಿಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೆರಡು ಕೊಡ ತಂದಳು. ಹಲೀಮಾ ಬೀ ಸ್ಟೂಲು ಎತ್ತಿ ಗೋಡೆಯ ಬದಿಗಿಟ್ಟು, ಒಳಮನೆಯ ಕಡೆ ಹೆಜ್ಜೆ ಹಾಕಿದಳು.

"ಎಲ್ಲಿಗೆ ಹೊರಟೆ?" ಮಗನ ದನಿಯಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಗುರುತು ಹಾಕಿ ಒಳಗೆ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಬಾ ಇಲ್ಲಿ. ನೀರು ಪೂರ್ತಿ ಬಂದೈತಾ, ಬಿರಡೆ ತೆಗೆದೈತಾ, ನೀನೇ ನೋಡಿ ಹೇಳ್ಬೇಕು. ನೀನು ಹೇಳೋ ತನಕ ನಾನು ಹಚ್ಚಲ್ಲ. ಇವತ್ತಿಂದ ಯಾವ ಡ್ರಮ್ಮಿಗೂ ಅಷ್ಟೇ."

ಆಕೆ ತಿರುಗಿ ಬಂದಳು. ಹದಿಮೂರನೆಯ ಕೊಡ ಖಾಲಿಯಾಗಿತ್ತು. ಶಹನವಾಜ್ ಕಪ್ಪು ಕನ್ನಡಕ ಕಣ್ಣಿಗಿಳಿಸಿ, ಕಟರ್ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಹಲೀಮಾ ಬೀ ಬಗ್ಗಿ ಡ್ರಮ್ಮಿನ ಬಾಯೊಳಗೆ ತೋರುಬೆರಳು ಇಳಿಸಿದಳು. ಉಗುರು ಮುಳುಗಿತಷ್ಟೆ, ಬೆರಳಿನ ಮೊದಲ ಗೆಣ್ಣಿಗೆ ನೀರು ಮುಟ್ಟಲಿಲ್ಲ.

"ಇನ್ನೊಂದು ಕೊಡ" ಅಂದಳು.